ಜಲವೈರಿ ಮತ್ತು ನನ್ನ ಸಬ್ಬಕ್ಕಿ ಸಂಡಿಗೆ

ನನ್ನ ಮೈದುನ ಶಿವನಂಜಪ್ಪ ತಾರಸಿಯ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು, ಒಂದು ಚೊಂಬು ನೀರನ್ನು ಬಿರುಕಿನ ಮೇಲೆ ಸುರಿದ. ಬೋರಲು ಹಾಕಿದ ಇಡ್ಲಿ ಪಾತ್ರೆಗೆ ಚಕ್ರ ಕಟ್ಟಿದಂತಿದ್ದ ಅವನ ಹೊಸ ಯಂತ್ರ ಗುರ್ರೆಂದು ಓಡಿಬಂದು, ಮೂಸಿ, ಕಪ್ಪು ಅಂಟು ಕಕ್ಕಿ ಬಿರುಕನ್ನು ಮುಚ್ಚಿಬಿಟ್ಟಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಟು ಕಲ್ಲಾಗಿತ್ತು.

"ಇದರ ಹೆಸರು ಜಲವೈರಿ, ಅತ್ತಿಗೆ. ಒದ್ದೆ ಎಲ್ಲಿದ್ರೂ ಬಿಡಲ್ಲ. ಆನೆ ಕಟ್ಟಿ ಎಳೆದ್ರೂ ಅಂಟು ಕೀಳಲ್ಲ."

"ಇದನ್ನ ನಿಲ್ಸೋದು ಹೇಗಪ್ಪ?"

"ಒಳ್ಳೆ ಯಂತ್ರನ ಯಾಕೆ ನಿಲ್ಸಬೇಕು?" ಎಂದ.

ಮೈಸೂರಿನಲ್ಲಿ ನಮ್ಮ ಮಾವನವರು ಈ ಮನೆ ಕಟ್ಟಿಸಿದ ಕಾಲಕ್ಕೆ ಚಪ್ಪಟೆ ತಾರಸಿ, ಗೋಡೆಯಗಲದ ಗಾಜಿನ ಕಿಟಕಿ ಹೊಸ ಶೋಕಿ. ಬೆಂಕಿಪೊಟ್ಟಣ ಮಲಗಿಸಿದ ಹಾಗೆ ಮನೆ ನೋಡಲು ಚೆಂದ. ಮಳೆ ಬಂದರೆ ಮಾತ್ರ ನೀರು ಎತ್ತ ಹರಿಯಬೇಕೆಂದು ತಿಳಿಯದೆ ನೇರ ನಡುಮನೆಗೆ ಇಳಿಯುತ್ತಿತ್ತು. ಇನ್ನೊಂದು ಹನಿ ಬಿದ್ದರೆ ತಾರಸಿಗೆಲ್ಲ ತಗಡಿನ ಶೀಟು ಹೊದಿಸುವುದೇ ಸೈ ಎಂದು ಶಿವನಂಜಪ್ಪನ ಹೆಂಡತಿ ಗೌರಾಂಬ ಶೀಟಿನವನಿಗೆ ಅಳತೆಯನ್ನೂ ಕೊಟ್ಟಾಗಿತ್ತು. ಶೀಟು ಬಂದರೆ ಬಿಸಿಲಿಲ್ಲ. ಬಿಸಿಲಿಲ್ಲದೆ ನನ್ನ ಸಂಡಿಗೆಯಿಲ್ಲ. ನಮ್ಮ ಬೀದಿಯ ಯಾವ ಮದುವೆ ಊಟವೂ ನನ್ನ ಸಬ್ಬಕ್ಕಿ ಸಂಡಿಗೆಯಿಲ್ಲದೆ ಮುಗಿದದ್ದಿಲ್ಲ. ಹಾಗಾಗಿ ನಾನು ಯಂತ್ರದ ಪಕ್ಷ.

ಮರುದಿನ ಬೆಳಗ್ಗೆ ತಾರಸಿಯ ಮೇಲೆ ಹಳೆ ಸೀರೆ ಹಾಸಿ, ಬೇಯಿಸಿದ ಸಬ್ಬಕ್ಕಿಯನ್ನು ಸೌಟಿನಿಂದ ದುಂಡದುಂಡಗೆ ಸಾಲಾಗಿ ಇಟ್ಟೆ. ಮಧ್ಯಾಹ್ನ ಬಂದು ನೋಡುತ್ತೇನೆ, ಸಾಲು ಕೆಡದ ಹಾಗೆ ಒಂದೊಂದು ಸಂಡಿಗೆಯ ಮೇಲೂ ಒಂದೊಂದು ಕಪ್ಪು ಮುಚ್ಚಳ! ಒದ್ದೆ ಸಂಡಿಗೆಯನ್ನು ಯಂತ್ರ ಒಂದೊಂದು ಸೋರಿಕೆಯೆಂದು ಎಣಿಸಿತ್ತು. ಸೀರೆಯೂ ತಾರಸಿಗೆ ಅಂಟಿಹೋಗಿತ್ತು. ಅಷ್ಟಕ್ಕೇ ಬಿಡದೆ, ಮಳೆನೀರು ಇಳಿಯುವ ಕೊಳವೆಯ ಬಾಯನ್ನು ಎಲ್ಲಕ್ಕಿಂತ ದೊಡ್ಡ ತೂತೆಂದು ತಿಳಿದು ಅದನ್ನೂ ಭದ್ರವಾಗಿ ಮುಚ್ಚಿತ್ತು.

ನಾನು ಕೂಗಿದ್ದಕ್ಕೆ ಶಿವನಂಜಪ್ಪ ಸ್ನಾನ ಬಿಟ್ಟು ಒದ್ದೆ ಪಂಚೆಯಲ್ಲೇ ಓಡಿಬಂದು, ಯಂತ್ರವನ್ನು ಹಿಡಿಯಲು ಹಾರಿ, ಜಾರಿ ಕುಳಿತ. ಅದಕ್ಕೂ ಬೇಕಾಗಿದ್ದದ್ದು ಅಷ್ಟೇ.

ಗೌರಾಂಬ ಮೆಟ್ಟಿಲ ಬಳಿ ಬಂದು ಕೇಳಿದಳು. "ಏನ್ರೀ, ಇಲ್ಲೇ ಕೂತುಬಿಟ್ರಲ್ಲ?"

"ಕೂತಿಲ್ಲ ಕಣೇ, ಅಂಟಿದೀನಿ."

"ಸದ್ಯ. ಮದುವೆ ಆದಾಗಿಂದ ನೀವು ಒಂದು ಕಡೆ ನಿಂತಿದ್ದು ಇವತ್ತೇ."

ಕತ್ತರಿ ತಂದು, ಅಂಟಿದಷ್ಟು ಪಂಚೆಯನ್ನು ತಾರಸಿಗೇ ಬಿಟ್ಟು, ಗಂಡನನ್ನು ಬಿಡಿಸಿಕೊಂಡಳು. ಅವನು ಟವೆಲ್ಲು ಸುತ್ತಿಕೊಂಡು ಕೆಳಗಿಳಿಯುವಷ್ಟರಲ್ಲಿ ಮೋಡ ಕವಿದು ಏಪ್ರಿಲ್ಲಿನ ಮಳೆ ಧೋ ಎಂದು ಸುರಿಯಿತು.

ನೀರಿಗೆ ಇಳಿಯಲು ದಾರಿಯಿಲ್ಲ. ತಾರಸಿ ತುಂಬತೊಡಗಿತು. ಗೌರಾಂಬ ನಡುಮನೆಯಲ್ಲಿ ಬಕೆಟ್ಟುಗಳನ್ನು ಸಾಲಾಗಿಟ್ಟು, ಶೀಟಿನವನಿಗೆ ಫೋನು ಮಾಡಲು ಸಿದ್ಧಳಾಗಿ ಸೂರು ನೋಡುತ್ತ ಕುಳಿತಳು. ಶಿವನಂಜಪ್ಪ ಅವಳ ಮುಖ ನೋಡುತ್ತಿದ್ದ. ನಾನು ಕಾಫಿ ಮಾಡಿದೆ. ಹಿಂದಿನ ದಿನವೇ ತಾರಸಿಯ ಬಿರುಕನ್ನೆಲ್ಲ ಮುಚ್ಚಿದ್ದ ಆ ಅಂಟಿನ ಮೇಲೆ ನನಗೆ ನಂಬಿಕೆಯಿತ್ತು. ನನ್ನ ಒಂದು ಸಂಡಿಗೆಯನ್ನಾದರೂ ಕೀಳಲು ಉಳಿ ಸುತ್ತಿಗೆ ಎರಡನ್ನೂ ಹಿಡಿದು ಸೋತವಳು ನಾನು.

ಮಳೆ ನಿಂತಿತು. ಬಕೆಟ್ಟುಗಳು ಬಾಯಿ ಒಣಗಿಸಿಕೊಂಡು ಕುಳಿತೇ ಇದ್ದವು. ಒಂದು ಹನಿ ಬೀಳಲಿಲ್ಲ. ಗೌರಾಂಬ ಶೀಟಿನವನಿಗೆ ಫೋನು ಮಾಡಿ ಬರುವುದು ಬೇಡವೆಂದಳು. ಆಡಿದ ಮಾತಿಗೆ ತಪ್ಪುವವಳಲ್ಲ.

ಈಗ ನಮ್ಮ ತಲೆಯ ಮೇಲೆ ಮೊಣಕಾಲಿನುದ್ದದ ಕೆರೆಯಿದೆ. ಬೇಸಿಗೆಯಲ್ಲಿ ಮನೆ ತಂಪಾಗಿರುವುದರಿಂದ ಗೌರಾಂಬಳೂ ಸುಮ್ಮನಿದ್ದಾಳೆ. ಜಲವೈರಿ ನೀರಿನಡಿ ಸುತ್ತುತ್ತಲೇ ಇದೆ, ಕೆರೆಯನ್ನು ಎಲ್ಲಿಂದ ಮುಚ್ಚುವುದೆಂದು ಅದಕ್ಕಿನ್ನೂ ತಿಳಿದಿಲ್ಲ. ನಾನು ನಡುವೆ ಒಂದು ಹಗ್ಗದ ಮಂಚ ಇಟ್ಟು ಅದರ ಮೇಲೆ ಸಂಡಿಗೆ ಒಣಗಿಸುತ್ತೇನೆ. ಯಂತ್ರ ಮಂಚದ ಕಾಲುಗಳನ್ನು ನೆಲಕ್ಕೆ ಅಂಟಿಸಿಕೊಟ್ಟಿದೆ. ಎಂಥ ಗಾಳಿಗೂ ಅಲುಗಾಡುವುದಿಲ್ಲ.

ಮೊದಲ ದಿನದ ಸಂಡಿಗೆ ಕೆರೆಯ ತಳದಲ್ಲೇ ಇದೆ. ಒಂದೂ ನೆನೆದಿಲ್ಲ.