ಯಜಮಾನರ ಹೊಟ್ಟೆನೋವಿನ ಉದ್ಯೋಗ

ಸೋಫಾ ಅಂಗಡಿಯ ಸೇಲ್ಸ್‌ಮನ್ ಆದ ಈ ಕಥೆಯ ಯಜಮಾನರಿಗೆ ಬಾಯಿ ಮುಚ್ಚಿಕೊಂಡಿರುವುದೊಂದನ್ನು ಬಿಟ್ಟು ಮಿಕ್ಕೆಲ್ಲ ವಿದ್ಯೆ ಬರುತ್ತಿತ್ತು. ಹೆಂಡತಿ ಹನ್ನೆರಡು ವರ್ಷದ ಲ್ಯಾಬ್ ಕೆಲಸ ಬಿಟ್ಟು ಮೆಡಿಕಲ್ ಕಾಲೇಜು ಸೇರಿದಾಗ, 'ಮನೆ ಖರ್ಚಿನ ಮಹಾಭಾರ ನನಗಿರಲಿ' ಎಂದು ಘೋಷಿಸಿದವರೂ ಅವರೇ. ಫೀಸನ್ನೇನೋ ಸ್ಕಾಲರ್‌ಶಿಪ್ ನೋಡಿಕೊಂಡಿತು. ಆದರೆ ಬಾಡಿಗೆ, ಹಾಲು, ಬಸ್ಸುಗಳಿಗೆ ಸ್ಕಾಲರ್‌ಶಿಪ್ಪಿನ ಪರಿಚಯವಿರಲಿಲ್ಲ. ಅಷ್ಟರಲ್ಲಿ ಅಂಗಡಿಯವರು ಅರ್ಧ ದಿನದ ಕೆಲಸ, ಅರ್ಧ ಸಂಬಳ ಎಂದುಬಿಟ್ಟರು.

"ಲ್ಯಾಬಿಗೇ ವಾಪಸ್ ಹೋಗ್ತೀನಿ ರೀ," ಎಂದಳು ಡಾಕ್ಟರಮ್ಮ. (ಇನ್ನೂ ಮೂರು ವರ್ಷ ಬಾಕಿಯಿತ್ತು. ಬಿರುದನ್ನು ಯಜಮಾನರು ಮುಂಗಡವಾಗಿಯೇ ಕೊಟ್ಟಿದ್ದರು.)

"ಸುಮ್ನಿರು. ದಾರಿ ಇದೆ."

ದಾರಿ ಅವಳ ಕಾಲೇಜಿನ ನೋಟಿಸ್ ಬೋರ್ಡಿನಲ್ಲೇ ಇತ್ತು. ವಿದ್ಯಾರ್ಥಿಗಳ ಅಭ್ಯಾಸಕ್ಕೆ ರೋಗಿಗಳಂತೆ ನಟಿಸುವವರು ಬೇಕು, ಸಂಭಾವನೆ ಉಂಟು. ಯಜಮಾನರಿಗೆ ಅಪೆಂಡಿಕ್ಸ್ ಪಾತ್ರ ಸಿಕ್ಕಿತು. ನಿಯಮ ಒಂದೇ: ಕೇಳಿದ್ದಕ್ಕಷ್ಟೇ ಉತ್ತರ. ಅವರು ಮೊದಲ ದಿನವೇ ಹೊಟ್ಟೆನೋವಿನ ಜೊತೆ ತಾತನ ಹರ್ನಿಯಾವನ್ನೂ ಉಚಿತವಾಗಿ ಸೇರಿಸಿದರು.

ಮೂರನೇ ವಾರ ಪರದೆ ಸರಿಸಿ ಒಳಬಂದವಳು ಸ್ವಂತ ಹೆಂಡತಿ. ಜೊತೆಗೆ ಅಂಕ ಹಾಕುವ ಪ್ರೊಫೆಸರಮ್ಮ.

"ಎಲ್ಲಿ ನೋವು?"

"ಮೊದಲು ಹೊಕ್ಕುಳ ಹತ್ರ, ಈಗ ಬಲಗಡೆ ಕೆಳಗೆ, ವಾಂತಿ ಎರಡು ಸಲ, ಜ್ವರಾನೂ ಇದೆ. ಅಪೆಂಡಿಕ್ಸ್ ಅಂತ ಯಾಕೋ ನನಗೇ ಅನ್ನಿಸ್ತಿದೆ ಡಾಕ್ಟ್ರೇ," ಎಂದು ಕಣ್ಣು ಮಿಟುಕಿಸಿದರು.

ಅವಳು ಪೆನ್ನು ಕೆಳಗಿಟ್ಟಳು. "ಮೇಡಂ, ಇವರು ನಮ್ಮೆಜಮಾನ್ರು. ಉತ್ತರ ಹೇಳಿಕೊಡ್ತಿದ್ದಾರೆ. ಬೇರೆ ರೋಗಿ ಕೊಡಿ."

ಕಾರಿಡಾರಿನಲ್ಲಿ ಯಜಮಾನರು ಗುಡುಗಿದರು. "ನಿನಗೋಸ್ಕರ ತಾನೇ ಹೇಳಿದ್ದು?"

"ನಾಳೆ ನಿಜವಾದ ರೋಗಿ ಪಕ್ಕ ಕೂತು ಪಿಸುಗುಟ್ತೀರಾ?" ಎಂದವಳ ದನಿ ಆಮೇಲೆ ಇಳಿಯಿತು. "ಈ ಕೆಲಸಾನೂ ಹೋಯ್ತಲ್ಲ. ಲ್ಯಾಬಿಗೆ ಫೋನ್ ಮಾಡ್ತೀನಿ."

ಹಿಂದೆಯೇ ಬಂದ ಪ್ರೊಫೆಸರಮ್ಮ, "ಇನ್ನೊಂದು ಪಾತ್ರ ಇದೆ. ವಾರಕ್ಕೆ ನಾಲ್ಕು ದಿನ, ಸಂಭಾವನೆ ಎರಡರಷ್ಟು. ಯಾರೂ ಒಪ್ತಿಲ್ಲ," ಎಂದರು.

ಯಜಮಾನರು ಕಾಲರ್ ಸರಿಮಾಡಿಕೊಂಡರು. "ಸಂಭಾಷಣೆ ಜಾಸ್ತಿ ಇರುತ್ತೇನೋ?"

"ಪ್ರಜ್ಞೆ ತಪ್ಪಿದ ರೋಗಿ. ಪ್ರಜ್ಞೆ ಇಲ್ಲದವರು ಯಾರ ಗಂಡ ಆದ್ರೂ ನಮಗೆ ತೊಂದರೆಯಿಲ್ಲ."

ಹೀಗೆ ಬಾಡಿಗೆಯೂ ಹಾಲೂ ಬಸ್ಸೂ ಯಜಮಾನರ ಮೌನದ ಮೇಲೆ ನಡೆಯತೊಡಗಿದವು. ವಿದ್ಯಾರ್ಥಿಗಳು ಸರದಿಯಲ್ಲಿ ಬಂದು ರೆಪ್ಪೆ ಎತ್ತಿದರು, ಟಾರ್ಚ್ ಬಿಟ್ಟರು, ಮಂಡಿ ತಟ್ಟಿದರು. ಯಜಮಾನರು ಕೊರಡಿನಂತೆ ಬಿದ್ದಿದ್ದರು.

ಡಾಕ್ಟರಮ್ಮನ ಸರದಿ ಬಂತು. ರೋಗಿಗೆ ಕೇಳಿಸುತ್ತದೆಯೇ ಎಂದು ಕಿವಿಯ ಬಳಿ ಮಾತಾಡಿ ಪರೀಕ್ಷಿಸಬೇಕು. ಅವಳು ಬಗ್ಗಿದಳು.

"ರೀ, ನಾನು ಇಲ್ಲಿ ಓದ್ತಿರೋದು ನಿಮ್ಮಿಂದ. ಮದುವೆಯಾದಾಗಿಂದ ಒಂದು ಸಲಾನೂ ಹೇಳೋಕೆ ಬಿಟ್ಟಿಲ್ಲ ನೀವು, ನಡುವೆ ಬಾಯಿ ಹಾಕ್ತೀರಿ. ಈಗ ಕೇಳಿಸಿಕೊಳ್ಳಿ. ನಿಮ್ಮಂಥವರು ಸಿಕ್ಕಿದ್ದು ನನ್ನ ಪುಣ್ಯ."

ಯಜಮಾನರ ನಾಲಿಗೆಯ ತುದಿಗೆ ಹದಿನಾಲ್ಕು ಉತ್ತರಗಳು ಬಂದು ಸಾಲಾಗಿ ನಿಂತವು. ಒಂದನ್ನು ಹೊರಬಿಟ್ಟರೂ ಈ ಕೆಲಸ ಹೋಗಿ ಆಕೆಯ ಓದು ಅಲ್ಲಿಗೆ ಮುಗಿಯಿತು. ಹದಿನಾಲ್ಕನ್ನೂ ನುಂಗಿದರು.

"ಸ್ಪಂದನೆ ಇಲ್ಲ, ಮೇಡಂ," ಎಂದಳು ಅವಳು. ದನಿ ಕೊಂಚ ಒದ್ದೆಯಾಗಿತ್ತು.

"ಸರಿ, ಮುಂದಿನ ಹಂತ. ನೋವು ತಿಳಿಯುತ್ತಾ ನೋಡು."

ಪಠ್ಯದಲ್ಲಿ ಹೇಳಿದ ಜಾಗದಲ್ಲೇ, ಭುಜದ ಸ್ನಾಯುವನ್ನು ಹಿಡಿದು, ಡಾಕ್ಟರಮ್ಮ ಪೂರ್ಣ ಅಂಕ ಬರುವಷ್ಟು ಬಲವಾಗಿ ಹಿಂಡಿದಳು. ಯಜಮಾನರು ಹಲ್ಲು ಕಚ್ಚಲಿಲ್ಲ. ಪ್ರಜ್ಞೆ ತಪ್ಪಿದವರು ಹಲ್ಲು ಕಚ್ಚುವ ಹಾಗಿಲ್ಲವಲ್ಲ.