ಎರಡು ಕುದುರೆಯ ಮೇಲೆ ಅತ್ತೆಯ ಸವಾರಿ

ನವೆಂಬರ್ ಒಂದು, ನಮ್ಮಲ್ಲಿ ಸತ್ತವರನ್ನು ನೆನೆಯುವ ಹಬ್ಬ. ಜಿನುಗು ಮಳೆ. ಊರಿಗೆ ಊರೇ ಕಪ್ಪು ಬಟ್ಟೆ ತೊಟ್ಟು ಸಮಾಧಿಗಳಿಗೆ ಸೇವಂತಿಗೆ ಹೊರುವ ದಿನ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ: ಅತ್ತೆಯನ್ನು ಮಾವನ ಸಮಾಧಿಗೆ ಕರೆದೊಯ್ದರೆ ಮಾವನ 'ಎರಡು ಕುದುರೆ'ಯಲ್ಲೇ, ಹೂವಿನ ಒಂದೆಸಳೂ ಉದುರದ ಹಾಗೆ!

'ಎರಡು ಕುದುರೆ' ಎಂದರೆ ಸಿತ್ರೋಯೆನ್ ಕಂಪನಿಯ ಆ ಹಳೆಯ ತಗಡಿನ ಕಾರು. ನಮ್ಮ ವಾರಪತ್ರಿಕೆಯಲ್ಲಿ ಅದರ ಚರಿತ್ರೆ ಬರೆದೂ ಬರೆದೂ ಸಂಪಾದಕರ ತಲೆ ಬೋಳು ಮಾಡಿದವನು ನಾನು. ರೈತ ಅದರಲ್ಲಿ ಬುಟ್ಟಿ ಮೊಟ್ಟೆಯಿಟ್ಟುಕೊಂಡು ಉತ್ತ ಹೊಲ ದಾಟಿದರೂ ಒಂದೂ ಒಡೆಯಬಾರದು, ಇದು ಅದನ್ನು ರೂಪಿಸಿದವರಿಗೆ ಸಿಕ್ಕಿದ್ದ ಆಜ್ಞೆ. ಯುದ್ಧಕಾಲದಲ್ಲಿ ಜರ್ಮನ್ನರ ಕಣ್ಣಿಗೆ ಬೀಳದಂತೆ ಬಚ್ಚಿಟ್ಟರು. ಆಮೇಲೆ ಪ್ಯಾರಿಸ್ಸಿನಲ್ಲಿ ಮುಸುಕು ತೆಗೆದಾಗ ಸೂಟುಬೂಟಿನವರು ನಕ್ಕರು. ಬಡವನಿಗಾಗಿ ಮಾಡಿದ್ದೇನನ್ನು ಕಂಡರೂ ಅವರಿಗೆ ನಗುವೇ! ಈಗ ಅವರ ಮೊಮ್ಮಕ್ಕಳು ಅದಕ್ಕೇ ಹೊಳಪು ಬಳಿದು ಮದುವೆಗೆ ಮೆರೆಸುತ್ತಾರೆ. ಬುಟ್ಟಿಯಲ್ಲಿ ಮೊಟ್ಟೆಯಲ್ಲ, ಷಾಂಪೇನ್!

ಇರಲಿ. ಮಾವ ಆನ್ಸೆಲ್ಮ್ ವಸಂತದಲ್ಲಿ ತೀರಿಕೊಂಡ ಮೇಲೆ ಅತ್ತೆ ಲಿಯೊಂತೀನ್ ಹೊಸ್ತಿಲು ದಾಟಿರಲಿಲ್ಲ. ಮಾತೂ ನಿಂತಂತೆಯೇ. ಹೇಳಿದ್ದು ಒಂದೇ: "ಹೋದ್ರೆ ಅವರ ಕಾರಲ್ಲಿ. ಇಲ್ಲಾಂದ್ರೆ ಹೆಣವಾಗಿ ಹೋಗ್ತೀನಿ, ಬಿಡಿ."

ಅಂತೂ ಸೇವಂತಿಗೆಯ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಬ್ಯಾಟರಿ ಸತ್ತಿತ್ತು. ಸತ್ತರೇನು, ಮುಂದೆ ಹ್ಯಾಂಡಲ್ ತೂರಿಸಿ ತಿರುಗಿಸಿದರೆ ಎದ್ದೇಳುವ ಕಾರು ಅದು! ಹ್ಯಾಂಡ್‌ಬ್ರೇಕ್ ಬಿಡಿಸಿ ಬಂದೆ.

"ರೀ, ಅಮ್ಮನ್ನ ಇಳಿಸಿ, ಆಮೇಲೆ ತಿರುಗ್ಸಿ," ಎಂದಳು ಹೆಂಡತಿ ಜಿಸ್ಲೇನ್, ಕೊಡೆಯೊಳಗಿಂದ.

"ಇಳಿದ್ರೆ ಮತ್ತೆ ಹತ್ತೋರಲ್ಲ ಅವ್ರು!"

"ಅಪ್ಪ ಯಾವಾಗ್ಲೂ ಗೇರಲ್ಲೇ ನಿಲ್ಲಿಸ್ತಿದ್ರು. ನೋಡಿದ್ರಾ?"

"ಈ ಕಾರಿನ ಚರಿತ್ರೆ ಬರೆದವನಿಗೇ ಪಾಠನಾ?"

"ಬರೆದಿದ್ದು ಸಾಕು ಮಾರಾಯ್ರೇ, ಒಂದ್ಸಲ ಬಗ್ಗಿ ನೋಡಿ!"

ಬಗ್ಗಿದೆ, ಹ್ಯಾಂಡಲ್ ತಿರುಗಿಸಲು! ಮೊದಲ ಸುತ್ತಿಗೆ ಕೆಮ್ಮು. ಎರಡನೆಯದಕ್ಕೆ ಗರ್ಜನೆ! ಗೇರಿನಲ್ಲೇ ಇದ್ದ ಕಾರು ಮುಂದಕ್ಕೆ ನುಗ್ಗಿ ನನ್ನನ್ನು ಗೊಬ್ಬರದ ರಾಶಿಗೆ ಒಗೆದು, ಅಂಗಳದ ಇಳಿಜಾರಿನಲ್ಲಿ ಸಾಗಿ, ತೆರೆದ ಗೇಟು ದಾಟಿ ಉತ್ತ ಹೊಲಕ್ಕಿಳಿಯಿತು. ಸಾರಥಿಯಿಲ್ಲದ ರಥ! ಹಿಂದಿನ ಗಾಜಿನಲ್ಲಿ ಅತ್ತೆಯ ಕಪ್ಪು ಟೋಪಿ ನೆಟ್ಟಗೆ.

"ಅಮ್ಮಾ!" ಜಿಸ್ಲೇನ್ ಚೀರಿದಳು.

"ಹೆದರ್ಬೇಡಿ ಅತ್ತೆ, ನಾನಿದ್ದೀನಿ!" ಎಂದು ಬೊಬ್ಬೆ ಹಾಕುತ್ತಾ ಓಡಿದೆ. ಕಾರು ದೋಣಿಯಂತೆ ತೂಗುತ್ತಾ ಸಾಲು ದಾಟುತ್ತಿತ್ತು. ನಾನು ಸಾಲಿಗೊಮ್ಮೆ ಮಣ್ಣು ಮುಕ್ಕುತ್ತಿದ್ದೆ. ನಡುಹೊಲದಲ್ಲಿ ಬಾಗಿಲಿಗೆ ಜೋತುಬಿದ್ದು, ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ.

ಬಟ್ಟೆಯ ಛಾವಣಿ ಮೇಲೆ ಮಳೆಯ ಸದ್ದೊಂದೇ. ಅತ್ತೆಯ ಕಣ್ಣು ಮುಚ್ಚಿತ್ತು, ಕೆನ್ನೆ ಒದ್ದೆ. ನನ್ನ ಜೀವವೇ ಹೋಯಿತು. ನನ್ನ ಜಂಬಕ್ಕೆ ಈ ಮುದುಕಿಯನ್ನೂ ಮಾವನ ಪಕ್ಕ ಮಲಗಿಸಿಬಿಟ್ಟೆನೇ? ಅಷ್ಟರಲ್ಲಿ ಕಣ್ಣು ತೆರೆದರು. ನನ್ನನ್ನು ಒಮ್ಮೆ ನೋಡಿದರು.

ಜಿಸ್ಲೇನ್ ಬಂದು ಗೇರು ಬಿಡಿಸಿ, ಒಂದೇ ಸುತ್ತಿಗೆ ಕಾರನ್ನು ಎಬ್ಬಿಸಿ, ತಾನೇ ಓಡಿಸಿದಳು. ಗೊಬ್ಬರ ಮೆತ್ತಿದ ನಾನು ಹಿಂದೆ ಕೂತೆ. ಆದರೂ ಮನಸ್ಸು ಬೀಗುತ್ತಿತ್ತು: ಒಂದೆಸಳೂ ಉದುರಿರಲಿಲ್ಲ!

ಸಮಾಧಿಯ ಮೇಲೆ ಕುಂಡವಿಟ್ಟ ಅತ್ತೆ, ತಿಂಗಳುಗಳ ನಂತರ ಮೊದಲ ಬಾರಿಗೆ ಬಾಯಿತುಂಬ ಮಾತಾಡಿದರು. ನನ್ನೊಂದಿಗಲ್ಲ, ಕಲ್ಲಿನೊಂದಿಗೆ.

"ಕಣ್ಣು ಮುಚ್ಕೊಂಡು ಕೂತಿದ್ದೆ ಕಣ್ರೀ. ಹೊಲದವರೆಗೂ ನೀವೇ ಓಡಿಸಿದ್ರಿ, ಎಷ್ಟು ಚೆನ್ನಾಗಿ. ಆಮೇಲೆ ಈ ಅಳಿಯ ಬಂದು ನಿಲ್ಲಿಸಿಬಿಟ್ಟ."