ಎಂಟು ಬೋರ್ಡುಗಳ ಪಾಲುಪಟ್ಟಿ

ನಗರ ನೀರು ಸರಬರಾಜು ಕಚೇರಿಯ ದೊಡ್ಡ ಸರ್ವರ್ ಯಂತ್ರವನ್ನು ಮೂರು ಪಾಲು ಮಾಡುವ ಕಾರ್ಯವು ಶಾಂತಿಯುತವಾಗಿ ನೆರವೇರಿತೆಂದೂ ಈ ಸಂದರ್ಭದಲ್ಲಿ ಯಾವ ಸಿಬ್ಬಂದಿಗೂ ಗಾಯವಾಗಿಲ್ಲವೆಂದೂ ಕಚೇರಿಯ ಫಲಕದ ಮೇಲೆ ಈಗಲೂ ಒಂದು ಪ್ರಕಟಣೆ ಇದೆ. ಅದರಲ್ಲಿ ಸುಳ್ಳೇನೂ ಇಲ್ಲ. ಬಡಗಿಯ ಹೆಬ್ಬೆರಳಿಗೆ ಏಟು ಬಿದ್ದದ್ದು ನಿಜ, ಆದರೆ ಬಡಗಿ ಸಿಬ್ಬಂದಿಯಲ್ಲ.

ಪಾಲು ಮಾಡಬೇಕಾಗಿದ್ದವಳು ಸರ್ವರಕ್ಕ. ಕಚೇರಿಯ ಕಂಪ್ಯೂಟರುಗಳೆಲ್ಲ ಅವಳ ಉಸ್ತುವಾರಿಯಲ್ಲಿದ್ದುದರಿಂದ ಗೇಟಿನ ಕಾವಲುಗಾರನಿಂದ ಹಿಡಿದು ನಿರ್ದೇಶಕರ ತನಕ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಅಲ್ಲಿಯವರೆಗೆ ಊರಿನ ನೀರಿನ ವ್ಯವಹಾರವೆಲ್ಲ ಮೆಟ್ಟಿಲ ಕೆಳಗೆ ಕೂತಿದ್ದ ಒಂದು ಹಳೆಯ ಯಂತ್ರದ ತಲೆಯ ಮೇಲಿತ್ತು. ಬಿಲ್ಲು ಮುದ್ರಿಸುವುದೂ ಅದೇ, ದೂರು ಬರೆದುಕೊಳ್ಳುವುದೂ ಅದೇ, ಯಾವ ಬೀದಿಗೆ ಯಾವಾಗ ವಾಲ್ವು ತೆರೆಯಬೇಕೆಂದು ಹೇಳುವುದೂ ಅದೇ. ಬಿಲ್ಲು ಮುದ್ರಿಸುತ್ತಿರುವಾಗ ವಾಲ್ವು ತೆರೆಯುವುದನ್ನು ಮರೆಯುತ್ತಿತ್ತು. ನೀರು ಬರದೆ ಜನ ದೂರು ಕೊಡುತ್ತಿದ್ದರು. ದೂರುಗಳ ಭಾರಕ್ಕೆ ಯಂತ್ರ ಉಸಿರುಗಟ್ಟಿ ಕೂರುತ್ತಿತ್ತು. ಅದು ಕೂತ ಮೇಲೆ ನೀರು ಬರುವ ಮಾತೇ ಇರಲಿಲ್ಲ. ಹೀಗೆ ದೂರಿನಿಂದಾಗಿ ನೀರಿಲ್ಲ, ನೀರಿಲ್ಲದ್ದರಿಂದ ದೂರು ಎಂಬ ಸ್ಥಿತಿಯಲ್ಲಿ ಕಚೇರಿ ಬಹುಕಾಲ ನೆಮ್ಮದಿಯಾಗಿತ್ತು.

ನೆಮ್ಮದಿಯಿಲ್ಲದಿದ್ದುದು ಸರ್ವರಕ್ಕನ ಮನೆಯಲ್ಲಿ. ಅವಳ ಅತ್ತೆ ಬೆಳಗೆದ್ದು ನಲ್ಲಿಯ ಕೆಳಗೆ ಕೊಡ ಇಟ್ಟು, ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂರುತ್ತಿದ್ದರು. ಸೊಸೆ ಚಪ್ಪಲಿ ಮೆಟ್ಟಿ ಹೊರಡುವಾಗ ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದರು: "ಆ ಕಚೇರಿ ನೀರು ನಮ್ಮ ಮನೆಗೆ ಬರಲ್ಲ. ನಮ್ಮ ಮನೆ ಸೊಸೆ ಮಾತ್ರ ತಪ್ಪದೆ ಆ ಕಚೇರಿಗೆ ಹೋಗ್ತಾಳೆ." ಅಕ್ಕಪಕ್ಕದ ಹೆಂಗಸರೂ ಖಾಲಿ ಬಿಂದಿಗೆ ಹಿಡಿದು ಅವಳು ಹೋಗುವುದನ್ನೇ ನೋಡುತ್ತಿದ್ದರು. ಆ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಸರ್ವರಕ್ಕನಿಗೆ ಸಾಕುಸಾಕಾಗುತ್ತಿತ್ತು.

ಆದ್ದರಿಂದ ಹೊಸ ಯಂತ್ರ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವಳೇ. ಬಟ್ಟೆ ಬೀರುವಿನಷ್ಟು ಎತ್ತರದ ಯಂತ್ರ. ಒಳಗೆ ಎಂಟು ಬೋರ್ಡುಗಳು, ಒಂದೊಂದಕ್ಕೂ ಅದರದೇ ಮಿದುಳು, ಅದರದೇ ನೆನಪು. ಇಷ್ಟು ಬೋರ್ಡು ಇವರಿಗೆ, ಇಷ್ಟು ಅವರಿಗೆ ಎಂದು ಪರದೆಯ ಮುಂದೆ ಕೂತು ಹಂಚಿಬಿಟ್ಟರೆ ಒಂದೇ ಬೀರುವಿನೊಳಗೆ ಬೇರೆ ಬೇರೆ ಕಂಪ್ಯೂಟರುಗಳು ಎದ್ದು ಕೂರುತ್ತವೆ. ಒಂದು ಬಿದ್ದರೂ ಇನ್ನೊಂದಕ್ಕೆ ಅದರ ಗಾಳಿಯೂ ಸೋಕುವುದಿಲ್ಲ. ವಾಲ್ವಿಗೆ ಮೂರು, ಬಿಲ್ಲಿಗೆ ಎರಡು, ದೂರಿಗೆ ಎರಡು, ಯಾವುದಾದರೂ ಸುಟ್ಟರೆ ಬದಲಿಗೆ ಇರಲೆಂದು ಒಂದು. ಒಂದು ಮಧ್ಯಾಹ್ನದ ಕೆಲಸ ಎಂದು ಅವಳು ಲೆಕ್ಕ ಹಾಕಿದಳು. ನಿರ್ದೇಶಕರಿಗೆ ಬರೆದ ಟಿಪ್ಪಣಿಯಲ್ಲಿ 'ಪಾರ್ಟಿಷನ್ನು ಮಾಡಲು ಅನುಮತಿ ಕೋರಿದೆ' ಎಂಬ ಒಂದೇ ಒಂದು ಸಾಲು ಬರೆದಳು. ಆ ಸಾಲೇ ಸಾಕಾಯಿತು.

ಮರುದಿನ ಅವಳು ಯಂತ್ರದ ಕೋಣೆಗೆ ಬಂದಾಗ ಬಡಗಿಯೊಬ್ಬ ಯಂತ್ರಕ್ಕೆ ಟೇಪು ಹಿಡಿದಿದ್ದ. ಪಾರ್ಟಿಷನ್ನು ಅಂದರೆ ಪ್ಲೈವುಡ್ಡೆಂದು ತಿಳಿದು ನಿರ್ದೇಶಕರೇ ಅವನನ್ನು ಕರೆಸಿದ್ದರು. ಬಾಗಿಲು ಒಳಕ್ಕೆ ತೆಗೆಯುವ ಹಾಗೆ ಇಡಲೋ ಹೊರಕ್ಕೋ ಎಂದು ಅವನು ಕೇಳಿದ. ಇದು ಮರದ ಕೆಲಸವಲ್ಲ, ಬೋರ್ಡುಗಳ ಹಂಚಿಕೆ ಎಂದು ಅವಳು ಹೇಳಿದಳು. ಬೋರ್ಡು ಎಷ್ಟು ಬೇಕಾದರೂ ತಾನೇ ತರುವುದಾಗಿ ಅವನು ಭರವಸೆ ಕೊಟ್ಟ. ಅವಳು ಓಡಿಹೋಗಿ ನಿರ್ದೇಶಕರಿಗೆ ವಿಷಯ ತಿಳಿಸಿದಳು. ಅವರಿಗೆ ಅರ್ಥವೂ ಆಯಿತು. ಆದರೆ ಬಡಗಿಗೆ ಕೆಲಸದ ಆದೇಶ ಹೊರಟಾಗಿತ್ತು. ಆದೇಶ ಹೊರಡಿಸಲು ಕಚೇರಿಯಲ್ಲಿ ನಿಯಮವಿತ್ತು, ಹಿಂದಕ್ಕೆ ಪಡೆಯಲು ಇರಲಿಲ್ಲ. ಮುಂದೆ ಏನಾದರೂ ಅಗತ್ಯ ಬಿದ್ದೀತು ಎಂದು ಬಡಗಿಗೆ ಕೋಣೆಯ ಹೊರಗೆ ಒಂದು ಸ್ಟೂಲು ಕೊಟ್ಟು ಕೂರಿಸಲಾಯಿತು.

ಅದೇ ವಾರ ಪಾಲುದಾರರ ಸಭೆ ಕೂಡಿತು. ಬಿಲ್ಲು ವಿಭಾಗದ ಮುಖ್ಯಸ್ಥರು ಕಚೇರಿಯಲ್ಲೇ ಹಿರಿಯರು, ಎಲ್ಲರೂ ಯಜಮಾನರೆಂದು ಕರೆಯುತ್ತಿದ್ದುದು ಅವರನ್ನೇ. ಹಿರಿಯನಿಗೆ ಒಂದು ಭಾಗ ಹೆಚ್ಚು ಸಲ್ಲುವುದು ಪದ್ಧತಿ ಎಂದರು. ದೂರು ವಿಭಾಗದ ಮೇಡಮ್ಮನವರು ಒಪ್ಪಲಿಲ್ಲ. ತಮ್ಮದು ದೊಡ್ಡ ಸಂಸಾರ, ದಿನಕ್ಕೆ ಸಾವಿರಾರು ದೂರುಗಳನ್ನು ಸಾಕಬೇಕು, ತಲೆ ಎಣಿಸಿ ಪಾಲು ಕೊಡಿ ಎಂದರು. ಕೊಳವೆ ವಿಭಾಗದ ಎಂಜಿನಿಯರು ಮಾತು ಕಮ್ಮಿಯ ಮನುಷ್ಯ. ನೀರೇ ಇಲ್ಲದಿದ್ದರೆ ಬಿಲ್ಲು ಯಾತರದು, ದೂರು ಯಾತರದು ಎಂದು ಅವರು ಕೇಳಿದರು. ನೀರು ಇಲ್ಲದಾಗಲೇ ತಮ್ಮ ವಿಭಾಗ ಚೆನ್ನಾಗಿ ಬೆಳೆದಿದೆಯೆಂದು ಮೇಡಮ್ಮನವರು ಅಂಕಿಅಂಶ ತೋರಿಸಿದರು. ನೀರು ಬರಲಿಲ್ಲವೆಂಬ ಕ್ಷುಲ್ಲಕ ಕಾರಣಕ್ಕೆ ತಾವು ಎಂದೂ ಬಿಲ್ಲು ನಿಲ್ಲಿಸಿದವರಲ್ಲ ಎಂದು ಯಜಮಾನರು ಎದೆಯ ಮೇಲೆ ಕೈ ಇಟ್ಟು ಹೇಳಿದರು.

ಕೊನೆಗೆ ತಲಾ ಎರಡು ಎಂದು ತೀರ್ಮಾನವಾಯಿತು. ಎರಡು ಉಳಿದವು.

"ಉಳಿದದ್ದು ಯಾರಿಗೆ?" ಎಂದರು ನಿರ್ದೇಶಕರು.

"ಹೆಚ್ಚುವರಿ ಸರ್. ಯಾರ ಬೋರ್ಡು ಕೆಡುತ್ತೋ ಅವರಿಗೆ ಕೊಡೋದು," ಎಂದಳು ಸರ್ವರಕ್ಕ.

"ಹಾಗಾದ್ರೆ ಯಾರದು ಮೊದಲು ಕೆಡುತ್ತೋ ಅವರಿಗೆ ಲಾಭ."

ಸಂಜೆಯೊಳಗೆ ಮೂರೂ ವಿಭಾಗಗಳಿಂದ ತಮ್ಮ ಬೋರ್ಡುಗಳು ಪೂರ್ತಿ ಕೆಟ್ಟಿವೆಯೆಂಬ ವರದಿ ಬಂತು. ಆ ಬೋರ್ಡುಗಳಿಗೆ ಇನ್ನೂ ಕರೆಂಟೇ ಕೊಟ್ಟಿರಲಿಲ್ಲ. ಇದನ್ನು ನಿರ್ದೇಶಕರು ಗಂಭೀರವಾಗಿ ಪರಿಗಣಿಸಿ, ಹೆಚ್ಚುವರಿ ಬೋರ್ಡುಗಳೆರಡನ್ನೂ ಮೂವರ ಒಪ್ಪಿಗೆಯಿಲ್ಲದೆ ಯಾರೂ ಮುಟ್ಟಕೂಡದೆಂದು ಆಜ್ಞೆ ಮಾಡಿದರು. ಬೋರ್ಡುಗಳೆಲ್ಲ ಕೂಡಲೇ ಗುಣವಾದವು.

ಆಮೇಲೆ ಹೊರಬಂದದ್ದು 'ಯಂತ್ರ ಪಾಲುವಾರಿ ತಾತ್ಕಾಲಿಕ ನಿಯಮಾವಳಿ'. ಮೇಲಿನ ಅಂತಸ್ತಿನ ಪಾಲುದಾರರು ಕೆಳಗಿನ ಅಂತಸ್ತಿನವರನ್ನು 'ಕೆಳಗಿನವರು' ಎಂದು ಸಂಬೋಧಿಸತಕ್ಕದ್ದಲ್ಲ. ಒಬ್ಬರ ಪಾಲಿನ ಮುಂದೆ ಇನ್ನೊಬ್ಬರ ಕೇಬಲ್ಲು ಹಾದುಹೋಗುವುದಾದರೆ ಲಿಖಿತ ಅನುಮತಿ ಪಡೆಯತಕ್ಕದ್ದು. ಕೇಬಲ್ಲು ಅಲ್ಲಿ ಅನಗತ್ಯವಾಗಿ ನಿಲ್ಲತಕ್ಕದ್ದಲ್ಲ. ಒಬ್ಬ ಪಾಲುದಾರರ ಬಿಸಿಗಾಳಿ ಮತ್ತೊಬ್ಬರ ಮೇಲೆ ಬೀಸತಕ್ಕದ್ದಲ್ಲ. ಈ ಕೊನೆಯ ನಿಯಮದಿಂದ ಬಡಗಿಗೆ ಕೆಲಸ ಸಿಕ್ಕಿತು. ಸ್ಟೂಲಿನಿಂದ ಎದ್ದು ಬಂದು ಯಂತ್ರದೊಳಗೆ ಎರಡು ಅಡ್ಡ ಹಲಗೆ ಬಡಿದ. ಹೆಬ್ಬೆರಳಿಗೆ ಏಟು ಬಿದ್ದದ್ದು ಆಗಲೇ. ಮಾತಿಗೆ ತಪ್ಪದೆ ಒಂದೊಂದು ಹಲಗೆಗೂ ಒಂದೊಂದು ಪುಟ್ಟ ಬಾಗಿಲನ್ನೂ ಇಟ್ಟ.

ಕರೆಂಟು ಕೊಟ್ಟಾಗ ಗಾಳಿಯಾಡದೆ ಯಂತ್ರ ಕಾದ ಹಂಚಿನಂತಾಗಿ ತನ್ನಷ್ಟಕ್ಕೆ ನಿಂತುಹೋಯಿತು. ಯಾರ ಪಾಲು ಬಿಸಿಯಾಗಿದೆಯೆಂದು ನಿರ್ದೇಶಕರು ಕೇಳಿದರು. ಮೂರೂ ಎಂದಳು ಸರ್ವರಕ್ಕ. ಸಮಾನತೆ ಬಂತಲ್ಲ ಎಂದು ಅವರು ಸಮಾಧಾನಪಟ್ಟರು.

ಇಷ್ಟರಲ್ಲಿ ಮೆಟ್ಟಿಲ ಕೆಳಗಿನ ಹಳೆಯ ಯಂತ್ರ ಎದೆ ಉಬ್ಬಸದ ಮುದುಕನಂತೆ ಗೊರಗುಟ್ಟತೊಡಗಿತ್ತು. ಸರ್ವರಕ್ಕನ ಬೀದಿಗೆ ನೀರು ಬಂದು ವಾರ ದಾಟಿತ್ತು. ಒಂದು ಬೆಳಗ್ಗೆ ಅತ್ತೆ ಗೋಡೆಗೂ ಏನನ್ನೂ ಹೇಳಲಿಲ್ಲ. ಸುಮ್ಮನೆ ಕೊಡವನ್ನು ಬೋರಲು ಹಾಕಿ ಒಳಗೆ ಹೋದರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ಬೋರಲು ಕೊಡ ಮಾತ್ರ ಬೀದಿಯುದ್ದಕ್ಕೂ ಅವಳ ಕಣ್ಣ ಮುಂದೆಯೇ ಇತ್ತು.

ಆ ದಿನ ಮೂವರು ಮುಖ್ಯಸ್ಥರೂ ಹೆಚ್ಚುವರಿ ಬೋರ್ಡುಗಳ ಬೀಗದ ಕೈ ಯಾರ ಬಳಿ ಇರಬೇಕೆಂಬ ಸಭೆಯಲ್ಲಿದ್ದರು. ಸರ್ವರಕ್ಕ ಕೋಣೆಗೆ ಹೋಗಿ ಹಲಗೆಗಳನ್ನು ಕಿತ್ತು ಮೂಲೆಗಿಟ್ಟಳು. ಪರದೆಯ ಮುಂದೆ ಕೂತು ಮೊದಲು ಅಂದುಕೊಂಡ ಹಾಗೇ ಹಂಚಿದಳು: ಮೂರು, ಎರಡು, ಎರಡು, ಒಂದು. ಮೂರು ಕಂಪ್ಯೂಟರುಗಳು ಒಂದರ ಹಿಂದೊಂದು ಕಣ್ಣು ಬಿಟ್ಟವು. ಹಸಿರು ದೀಪ ಹತ್ತಿತು. ವಾಲ್ವುಗಳ ಕೆಲಸವನ್ನು ಹೊಸದಕ್ಕೆ ವಹಿಸಿ, ಬಿಲ್ಲನ್ನೂ ದೂರನ್ನೂ ಅತ್ತ ದಾಟಿಸಿ, ಕೈ ಒರೆಸಿಕೊಂಡು ಕೂತಳು. ಬಹಳ ದಿನದ ಮೇಲೆ ಅವಳಿಗೆ ಹಸಿವಾಯಿತು.

ಸಂಜೆಗೆ ಊರಿಗೆಲ್ಲ ನೀರು ಬಂತು. ಅವಳು ಮನೆಗೆ ಹೋದಾಗ ಕೊಡ, ಬಿಂದಿಗೆ, ಹಂಡೆಯೆಲ್ಲ ತುಂಬಿಸಿ, ತುಂಬಿಸಲು ಇನ್ನೇನೂ ಉಳಿಯದೆ, ಅತ್ತೆ ಲೋಟಗಳಿಗೆ ನೀರು ಹಿಡಿಯುತ್ತಿದ್ದರು. "ಬಾ, ಮೊದಲು ಕಾಲು ತೊಳ್ಕೋ," ಎಂದರು. ಮದುವೆಯಾಗಿ ಬಂದ ದಿನ ಬಿಟ್ಟರೆ ಅವರು ಹಾಗೆ ಕರೆದದ್ದು ಇದೇ ಮೊದಲು.

ಎರಡು ದಿನ ಕಚೇರಿಯಲ್ಲಿ ಸ್ಮಶಾನಮೌನ. ದೂರು ವಿಭಾಗದಲ್ಲಿ ಫೋನೇ ರಿಂಗಾಗದೆ, ಅದು ಸರಿಯಿದೆಯೇ ಎಂದು ನೋಡಲು ಸಿಬ್ಬಂದಿ ಒಬ್ಬರಿಗೊಬ್ಬರು ಫೋನು ಮಾಡಿಕೊಂಡರು. ಯಜಮಾನರ ವಿಭಾಗದಲ್ಲಿ ಬಿಲ್ಲುಗಳು ಸರಿಯಾಗಿ ಬರತೊಡಗಿ, ಬಿಲ್ಲು ತಿದ್ದುವ ಇಡೀ ಶಾಖೆ ಕೈ ಕಟ್ಟಿ ಕೂತಿತು. ಕೊಳವೆ ಎಂಜಿನಿಯರಿಗೆ ಮಾತ್ರ ಖುಷಿಯಾಗಬೇಕಿತ್ತು. ಆದರೆ ನೀರು ತುಂಬಿ ಹರಿದಾಗ ಊರಿನ ಕೊಳವೆಗಳಲ್ಲಿ ಎಲ್ಲೆಲ್ಲಿ ತೂತಿದೆಯೆಂಬುದು ಎಲ್ಲರಿಗೂ ಕಂಡಿತು. ಮೂವರೂ ಮೊದಲ ಬಾರಿಗೆ ಒಮ್ಮತದಿಂದ ಒಂದು ಮನವಿ ಸಲ್ಲಿಸಿದರು.

ಸರ್ವರಕ್ಕನಿಗೆ ನೋಟಿಸು ಬಂತು. 'ತಾವು ಪಾಲುದಾರರ ಒಪ್ಪಿಗೆಯಿಲ್ಲದೆ ಯಂತ್ರವನ್ನು ನಡೆಸಿರುತ್ತೀರಿ. ಯಂತ್ರವು ಕೆಲಸ ಮಾಡಿರುವುದು ಈ ಕಚೇರಿಯ ಗಮನಕ್ಕೆ ಬಂದಿದೆ. ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದೆಂದು ಖುದ್ದಾಗಿ ಹಾಜರಾಗಿ ತಿಳಿಸತಕ್ಕದ್ದು.' ಯಂತ್ರವನ್ನು ನಿಲ್ಲಿಸಿ, ಎಲ್ಲವನ್ನೂ ಮತ್ತೆ ಮೆಟ್ಟಿಲ ಕೆಳಗೆ ಸಾಗಿಸಲಾಯಿತು.

ವಿಚಾರಣೆಯ ದಿನ ಅವಳು ಬೇರೆ ಕೆಲಸ ಹುಡುಕುವ ಮನಸ್ಸು ಮಾಡಿಕೊಂಡೇ ಹೋದಳು. ನಿರ್ದೇಶಕರ ಮೇಜಿನ ಸುತ್ತ ಮೂವರೂ ಕೂತಿದ್ದರು. ವಾಲ್ವಿಗೆ ಮೂರು ಬೋರ್ಡು ಯಾಕೆ, ತಮಗೆ ಎರಡೇ ಯಾಕೆ ಎಂದು ಯಜಮಾನರು ಕೇಳಿದರು. ಎಂಟನೆಯದನ್ನು ಯಾರನ್ನು ಕೇಳಿ ಒಂಟಿ ಮಾಡಿದೆ ಎಂದು ಮೇಡಮ್ಮನವರು ಕೇಳಿದರು. ಬಹಳ ಹೊತ್ತು ತಾಳ್ಮೆಯಿಂದ ಉತ್ತರ ಕೊಟ್ಟ ಅವಳಿಗೆ ಕಡೆಗೆ ತಲೆ ಕೆಟ್ಟಿತು.

"ಯಾರಿಗೂ ಕೊಡೋದು ಬೇಡ ಸರ್. ಎಂಟನ್ನೂ ಹೆಚ್ಚುವರಿಯಲ್ಲೇ ಇಟ್ಬಿಡಿ. ಮೂರು ಪಾಲು ಇರಲಿ, ಪಾಲಿಗೆ ಸೊನ್ನೆ ಸೊನ್ನೆ ಬೋರ್ಡು."

ಅವಳು ಹೇಳಿದ್ದು ಸಿಟ್ಟಿಗೆ. ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಜಮಾನರು ಬೆರಳಲ್ಲಿ ಏನೋ ಲೆಕ್ಕ ಹಾಕಿದರು. ಹಾಗಾದರೆ ಮೇಡಮ್ಮನವರಿಗೂ ಸೊನ್ನೆಯೇ ತಾನೆ ಎಂದು ಕೇಳಿ ಖಚಿತಪಡಿಸಿಕೊಂಡರು. ಎಂಜಿನಿಯರಿಗೂ ಸೊನ್ನೆಯೇ ಎಂದು ಮೇಡಮ್ಮನವರು ಬರೆಸಿಕೊಂಡರು. ಎಂಜಿನಿಯರು ತಲೆಯಾಡಿಸಿದರು.

"ಇದನ್ನ ಮೊದಲೇ ಯಾಕಮ್ಮ ಹೇಳ್ಲಿಲ್ಲ?" ಎಂದರು ನಿರ್ದೇಶಕರು. ಅವರ ಕಣ್ಣಂಚು ಒದ್ದೆಯಾಗಿತ್ತು. "ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ."

ನೋಟಿಸಿಗೆ ಮುಕ್ತಾಯ ಹಾಡಲಾಯಿತು. ಮೂರು ಪಾಲುಗಳಿಗೂ ಫಲಕ ಬರೆಸಿ ಯಂತ್ರದ ಮೇಲೆ ಅಂಟಿಸಿ, ರಿಬ್ಬನ್ನು ಕತ್ತರಿಸಿ, ಶಾಂತಿಯುತ ವಿಭಜನೆಯ ಪ್ರಕಟಣೆಯನ್ನು ಹೊರಡಿಸಲಾಯಿತು. ಎಂಟು ಬೋರ್ಡುಗಳೂ ಯಾರ ಹಂಗಿಲ್ಲದೆ ಹಸಿರು ದೀಪ ಉರಿಸುತ್ತ ಆರಾಮಾಗಿದ್ದವು. ಕೆಲಸವಿಲ್ಲದ್ದರಿಂದ ಯಂತ್ರ ಬಿಸಿಯಾಗಲಿಲ್ಲ, ನಿಲ್ಲಲಿಲ್ಲ, ತಪ್ಪು ಮಾಡಲಿಲ್ಲ. ವರ್ಷದ ಕೊನೆಯಲ್ಲಿ ಒಮ್ಮೆಯೂ ಕೆಡದ ಯಂತ್ರವೆಂದು ಅದಕ್ಕೆ ಪ್ರಶಸ್ತಿ ಬಂತು. ಹಳೆಯ ಯಂತ್ರಕ್ಕೂ ಅನ್ಯಾಯವಾಗಲಿಲ್ಲ. ಅದರ ಪಕ್ಕದಲ್ಲಿ ಒಂದು ಮೇಜಿನ ಫ್ಯಾನು ಇಡಲಾಯಿತು.

ಸರ್ವರಕ್ಕ 'ಅವಿಭಜಿತ ಬೋರ್ಡುಗಳ ಮುಖ್ಯ ಪಾಲಕಿ'ಯಾದಳು. ಅಂಥ ಹುದ್ದೆಯವರು ನೀರು ಹಿಡಿಯುವ ಕಾರಣಕ್ಕೆ ತಡವಾಗಿ ಬರುವುದು ಕಚೇರಿಗೆ ಶೋಭೆಯಲ್ಲವೆಂದು ಅವಳ ಮನೆಗೆ ದಿನಾ ಟ್ಯಾಂಕರು ಕಳಿಸುವ ಏರ್ಪಾಡಾಯಿತು. ಮೊದಮೊದಲು ಅವಳಿಗೆ ಅಕ್ಕಪಕ್ಕದವರ ಮುಖ ನೋಡಲು ಸಂಕೋಚವಾಗುತ್ತಿತ್ತು. ಹೊಸ ಯಂತ್ರವನ್ನು ಇನ್ನೊಂದು ಸಲ ನಡೆಸಿ ನೋಡಿದರೆ ಹೇಗೆ ಎಂದು ಒಂದು ದಿನ ಊಟದ ಹೊತ್ತಿಗೆ ಬಾಯಿಬಿಟ್ಟಳು. ಅತ್ತೆ ಬಡಿಸುತ್ತಿದ್ದ ಕೈ ನಿಲ್ಲಿಸಿದರು.

"ಮಲಗಿರೋ ಮಗುವನ್ನ ಯಾಕಮ್ಮ ಎಬ್ಬಿಸ್ತೀಯ? ಬೀದಿಯೋರಿಗೆ ನಮ್ಮ ಟ್ಯಾಂಕರಿಂದ ಒಂದೊಂದು ಕೊಡ ಕೊಡ್ತಾ ಇದೀನಲ್ಲ. ಎಲ್ಲರೂ ನಿನ್ನನ್ನ ಹೊಗಳ್ತಾರೆ."

ಹೊಗಳುತ್ತಿದ್ದುದು ನಿಜ. ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈಚೆಗೆ ಬೇರೊಂದು ಊರಿನ ನೀರು ಕಚೇರಿಯಿಂದ ಒಂದು ತಂಡ ಈ ವ್ಯವಸ್ಥೆಯನ್ನು ನೋಡಲು ಬಂದಿತ್ತು. ಸರ್ವರಕ್ಕ ಅವರಿಗೆ ಹಸಿರು ದೀಪಗಳನ್ನು ತೋರಿಸಿದಳು, ಸೊನ್ನೆ ಬೋರ್ಡಿನ ಪಾಲುಗಳನ್ನು ವಿವರಿಸಿದಳು. ಯಂತ್ರದ ಮುಂದೆ ನಿಂತು ಅವರು ಫೋಟೋ ತೆಗೆಸಿಕೊಂಡರು. ತಮ್ಮಲ್ಲಿಯೂ ಇದೇ ಎಂಟು ಬೋರ್ಡಿನ ಯಂತ್ರ ಕೊಳ್ಳುವ ಯೋಚನೆಯಿದೆಯೆಂದು ತಂಡದ ಮುಖ್ಯಸ್ಥರು ಹೇಳಿದರು.

"ನಿಮ್ಮಲ್ಲಿ ಎಷ್ಟು ವಿಭಾಗ ಸರ್?" ಎಂದು ಸರ್ವರಕ್ಕ ಕೇಳಿದಳು.

"ಎರಡೇ ಮೇಡಂ."

ಅವಳು ಬೆರಳಲ್ಲಿ ಎಂಟನ್ನು ಎರಡಕ್ಕೆ ಹಂಚಿ ನೋಡಿದಳು. ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ.

"ಹಾಗಾದ್ರೆ ಕಷ್ಟ. ನಾಲ್ಕು ನಾಲ್ಕು ಅಂತ ಸರಿಸಮ ಆಗಿ, ಯಂತ್ರ ಮೊದಲನೇ ದಿನವೇ ಶುರುವಾಗಿಬಿಡುತ್ತೆ," ಎಂದಳು. "ಒಂಬತ್ತು ಬೋರ್ಡಿಂದು ತರಿಸಿ."

ತಂಡದ ಮುಖ್ಯಸ್ಥರು ಅದನ್ನು ಬರೆದುಕೊಂಡರು.